ದೇವರ ಟಗರಿನ ಮರಿಗಳು

ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ಬಂದ ಮೇಲೆ ಡಾಕ್ಟರು ನನಗೆ ಎರಡು ಮಾತು ಹೇಳಿ ಕಳಿಸಿದರು. ಮಾತ್ರೆ ಬಿಡಬೇಡಿ, ಸುಮ್ಮನೆ ಕೂತಿರಿ. ಮಾತ್ರೆ ಬಿಡಲಿಲ್ಲ. ಕೂರುವುದು ಮಾತ್ರ ನನ್ನ ಕೈಲಿ ಆಗಲಿಲ್ಲ. ಹುಟ್ಟಿದಾಗಿನಿಂದ ಕುರಿ ಹಿಂದೆ ನಡೆದ ಕಾಲು, ಕುರ್ಚಿ ಮೇಲೆ ಇಟ್ಟರೆ ತಾನಾಗಿ ಅಲ್ಲಾಡುತ್ತದೆ. ಜಗಲಿ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತೇನೆ. ನಾಲ್ಕು ಗರಿ ಆಗುವಷ್ಟರಲ್ಲಿ ಎದ್ದು ಕುರಿ ಕೂಡುವ ರೊಪ್ಪದ ತನಕ ಹೋಗಿ ತಡಿಕೆ ಹಿಡಿದು ನಿಂತು ಬರುತ್ತೇನೆ. ಅಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಮತ್ತೆ ಕೂರುತ್ತೇನೆ. ಒಳಗಿಂದ ಸೊಸೆ, "ಅತ್ತೆ, ಮತ್ತೆ ಎದ್ರಾ?" ಅನ್ನುತ್ತಾಳೆ. ಅವಳ ಕಿವಿ ಬಹಳ ಚುರುಕು.

ನಮ್ಮ ಊರು ಗಂಡಸಿಯಿಂದ ಸ್ವಲ್ಪ ಒಳಗೆ. ಮಗ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮುಗಿಸಿಕೊಂಡು ಸಂಜೆಗೆ ಮನೆ ಸೇರುತ್ತಾನೆ. ತೋಟ ಅವನದು, ಕುರಿ ನನ್ನದು. ಅವನ ಮಗಳು ದನದ ಡಾಕ್ಟರು. ಅಷ್ಟಕ್ಕೇ ನಿಂತಳು ಅಂದುಕೊಂಡರೆ ಇನ್ನೂ ಓದುತ್ತೇನೆ ಎಂದು ದೊಡ್ಡ ಕಾಲೇಜು ಸೇರಿದಳು. ಯಾವ ಊರಿನ ಕಾಲೇಜು ಎಂದು ಬರೆಯಬೇಡ ಅಂದಿದ್ದಾಳೆ, ಬರೆಯುವುದಿಲ್ಲ. ಅಲ್ಲಿ ಅವಳು ಓದುತ್ತಿರುವುದು ಹೃದಯಾಘಾತದ ವಿಚಾರ. ಮನುಷ್ಯರದಲ್ಲ, ಕುರಿಯದು. ನಮಗೆ ಬರುವ ಹಾಗೆ ಕುರಿಗೆ ತಾನಾಗಿ ಬರುವುದಿಲ್ಲವಂತೆ, ಇವರೇ ಬರಿಸಬೇಕು.

ನನ್ನ ಎದೆಗೆ ಮರುಗಿ ಮೊಮ್ಮಗಳು ಈ ಓದು ಹಿಡಿದಳು ಎಂದು ನೆಂಟರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ನನಗೆ ಎದೆ ಹಿಡಿಯುವ ಮೊದಲೇ ಅವಳು ಸೇರಿ ಆಗಿತ್ತು. ಆ ವಿಷಯದಲ್ಲಿ ಸೀಟು ಖಾಲಿ ಇತ್ತು, ಸೇರಿದಳು.

ಅವಳ ಕೆಲಸ ಹೀಗೆ. ಕುರಿಗೆ ನಿದ್ದೆಯ ಮದ್ದು ಕೊಟ್ಟು ಎಡಗಡೆ ಪಕ್ಕೆ ಬಿಡಿಸಿ, ಹೃದಯದ ಮೇಲೆ ಓಡುವ ಒಂದು ರಕ್ತನಾಳಕ್ಕೆ ದಾರ ಹಾಕಿ ಬಿಗಿಯುತ್ತಾರೆ. ಅಲ್ಲಿಗೆ ಹೃದಯಾಘಾತ ಆಯಿತು. ಸ್ವಲ್ಪ ಹೊತ್ತು ಬಿಟ್ಟು ದಾರ ಸಡಿಲಿಸುತ್ತಾರೆ. ಅರ್ಧ ಕುರಿಗಳಿಗೆ ಹೊಸ ಔಷಧಿ ಕೊಡುತ್ತಾರೆ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಕೆಲವು ವಾರ ಸಾಕಿ, ಆಮೇಲೆ ಹೃದಯ ತೆಗೆದು ಎಷ್ಟು ಭಾಗ ಸತ್ತಿದೆ, ಕಲೆ ಎಷ್ಟು ದೊಡ್ಡದು ಎಂದು ನೋಡುತ್ತಾರೆ. ಇದಕ್ಕೆಲ್ಲ ಒಂದು ಕಮಿಟಿ ಒಪ್ಪಿಗೆ ಕೊಡಬೇಕಂತೆ, ಕೊಟ್ಟಿತ್ತು.

"ಮಾಂಸ ಏನ್ಮಾಡ್ತೀರಿ?" ಅಂತ ಕೇಳಿದೆ.

"ಮದ್ದು ಸೇರಿರುತ್ತಲ್ಲ ಅಜ್ಜಿ. ಸುಟ್ಟು ಹಾಕ್ತಾರೆ."

ಕುರಿ ಕೊಯ್ಯುವುದರ ಬಗ್ಗೆ ನಾನು ಯಾರಿಗೂ ಉಪದೇಶ ಮಾಡುವವಳಲ್ಲ. ನಾವು ಮಾರುವ ಟಗರು ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಗೊತ್ತು. ಆದರೆ ಸುಟ್ಟು ಹಾಕುವುದು ನನಗೆ ಸರಿ ಕಾಣಲಿಲ್ಲ. ಹಾಗಂತ ಹೇಳಿದೆ. ಅವಳು ನಕ್ಕಳು.

ಎರಡು ವರ್ಷದ ಕೆಳಗೆ ಅವಳೇ ಬಂದು ನಮ್ಮ ರೊಪ್ಪದಿಂದ ಹಾಲುಹಲ್ಲಿನ ಟಗರುಮರಿಗಳನ್ನು ಆರಿಸಿಕೊಂಡಳು. ಒಂದೇ ಪ್ರಾಯ, ಹೆಚ್ಚುಕಮ್ಮಿ ಒಂದೇ ತೂಕ, ಎಲ್ಲವೂ ಬಿಳಿ. ಒಂದೊಂದನ್ನೂ ಮಂಡಿ ಸಂದಿಯಲ್ಲಿ ಅವುಚಿ ಹಿಡಿದು ಕಣ್ಣು, ಬಾಯಿ ನೋಡಿದಳು.

"ಎಲ್ಲಾ ಒಂದೇ ತಳಿನಾ ಅಜ್ಜಿ?"

"ನಮ್ ರೊಪ್ಪಕ್ಕೆ ಬೇರೆ ಎಲ್ಲಿಂದ ಬತ್ತದೆ? ನಮ್ಮತ್ತೆ ಕಾಲದಿಂದ ಇದೇ ಕುರಿ."

"ಇವು ಕೆಲವು ಯಾಕೆ ಸ್ವಲ್ಪ ಎತ್ತರ?"

"ಒಂಟಿ ಮರಿ ಕಣೇ. ತಾಯಿ ಹಾಲೆಲ್ಲ ಒಂದೇ ಕುಡ್ದದೆ. ಅವಳಿ ಮರಿ ಆದ್ರೆ ಗಿಡ್ಡ." ನಾನು ಹಾಗೇ ನಂಬಿದ್ದೆ, ಹಾಗೇ ಹೇಳಿದೆ. "ತಳಿ ಕಟ್ಕೊಂಡು ನಿಂಗೇನಾಗ್ಬೇಕು? ಎದೆ ಎಲ್ಲಾದಕ್ಕೂ ಒಂದೇ ಕಡೆ ಇರಾದು."

ಅವಳು ಕುರಿಗೆ ನೀರಿಡುವ ಬಾನಿಯ ಅಂಚಿನ ಮೇಲೆ ಕೂತಳು. "ನಮ್ಮ ತೋಟದ ಡ್ರಿಪ್ ಪೈಪು ನೋಡು. ಒಂದು ಪೈಪು ಕಟ್ಟಿಕೊಂಡ್ರೆ ಆ ಸಾಲು ಒಣಗುತ್ತೆ. ಆದ್ರೆ ಪಕ್ಕದ ಸಾಲಿನಿಂದ ಅಡ್ಡ ಪೈಪು ಕೊಟ್ಟಿದ್ರೆ? ಒಣಗಲ್ಲ. ಹೃದಯಕ್ಕೂ ಹಾಗೇ ಅಡ್ಡನಾಳ ಇರ್ತವೆ. ಗಿನಿ ಇಲಿ ಅಂತ ಒಂದು ಪ್ರಾಣಿ ಇದೆ, ಅದರ ನಾಳ ಕಟ್ಟಿದ್ರೂ ಅದಕ್ಕೆ ಏನೂ ಆಗಲ್ಲ, ಅಷ್ಟು ಅಡ್ಡನಾಳ. ಹಂದಿಗೆ ಇಲ್ಲ, ಕಟ್ಟಿದ ಜಾಗ ಸತ್ತೇ ಹೋಗುತ್ತೆ. ನಾಯಿಗಳಲ್ಲಿ ಒಂದೊಂದಕ್ಕೆ ಒಂದೊಂದು ಥರ. ಇಲಿಗಳಲ್ಲೇ ನೋಡು, ಎರಡು ತಳಿ ಇಲಿ ತಗೊಂಡು ಒಂದೇ ಕೈ, ಒಂದೇ ದಾರದಲ್ಲಿ ಕಟ್ಟಿದ್ರೆ ಒಂದು ತಳಿಯಲ್ಲಿ ಬಹಳ ಸಾಯ್ತವೆ, ಇನ್ನೊಂದರಲ್ಲಿ ಬದುಕ್ತವೆ. ಅದಕ್ಕೇ ಎಲ್ಲಾ ಒಂದೇ ತಳಿ ಇರಬೇಕು. ಆಗ ವ್ಯತ್ಯಾಸ ಬಂದ್ರೆ ಅದು ಔಷಧಿದು ಅಂತ ಹೇಳಬಹುದು."

"ಹಂಗಾದ್ರೆ ಸರಿ," ಅಂದೆ. "ಇವೆಲ್ಲ ನಮ್ಮ ಮನೆ ಜಾತಿ. ತಗೊಂಡೋಗು."

ಟೆಂಪೋ ಬಂತು, ಮರಿಗಳು ಹೋದವು. ಅದಾದ ಮಳೆಗಾಲದಲ್ಲಿ ನನಗೆ ಎದೆ ಹಿಡಿಯಿತು. ಅದನ್ನು ಇಲ್ಲಿ ಉದ್ದ ಬರೆಯುವುದಿಲ್ಲ. ಬದುಕಿದೆ.

ಈ ವರ್ಷ ಬೇಸಿಗೆಗೆ ಮೊದಲು ಅವಳ ಫೋನು ಬಂತು. ದನಿಯಲ್ಲೇ ಗೊತ್ತಾಯಿತು. ಔಷಧಿ ಕೆಲಸ ಮಾಡಿದೆ, ಔಷಧಿ ಕೊಟ್ಟ ಕುರಿಗಳಲ್ಲಿ ಕಲೆ ಚಿಕ್ಕದು, ಕೊಡದವುಗಳಲ್ಲಿ ದೊಡ್ಡದು. ಅವಳ ಗೈಡು, ಅಂದರೆ ಓದಿಸುವ ಮೇಷ್ಟ್ರು, ಬಹಳ ಖುಷಿಯಾಗಿದ್ದಾರಂತೆ. ದೇಶದ ಡಾಕ್ಟರುಗಳೆಲ್ಲ ಸೇರುವ ಒಂದು ದೊಡ್ಡ ಸಭೆಯಲ್ಲಿ ಇದನ್ನು ಓದಬೇಕಂತೆ. ಇದೇ ವರ್ಷ ಡಿಗ್ರಿ ಕೈಗೆ ಬರುತ್ತದಂತೆ. ಸೊಸೆ ಕಾಯಿಹೋಳಿಗೆ ಮಾಡಿ ಅಕ್ಕಪಕ್ಕ ಹಂಚಿದಳು. ಯಾಕೆ ಎಂದು ಕೇಳಿದವರಿಗೆ, "ನಮ್ಮ ಮಗಳು ಹಾರ್ಟಿಗೆ ಔಷಧಿ ಕಂಡುಹಿಡಿದವಳೆ," ಅಂದಳು. ಅಷ್ಟು ದೊಡ್ಡ ಮಾತು ಬೇಡ ಕಣೇ ಅಂದರೆ ಕೇಳಬೇಕಲ್ಲ.

ಸಭೆಗೆ ಮೊದಲು ಮೊಮ್ಮಗಳು ಒಂದು ವಾರ ರಜೆ ಹಾಕಿ ಮನೆಗೆ ಬಂದಳು. ಅಷ್ಟು ದಿನ ಅವಳು ಇಲ್ಲಿ ನಿಂತದ್ದೇ ಅಪರೂಪ. ಶನಿವಾರ ಕತ್ತಲಾದ ಮೇಲೆ ಬಂದು ಭಾನುವಾರ ಬಸ್ಸು ಹತ್ತುವವಳು, ಕುರಿ ಬಯಲಿಗೆ ಹೋಗುವ ಹೊತ್ತಿಗೆ ಮಲಗಿರುವವಳು. ಈ ಸಲ ನನ್ನ ಜೊತೆ ಬಯಲಿಗೆ ಬಂದಳು. ನಾನು ಕುರಿ ಹಿಂದೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕುರಿಯ ಪಕ್ಕಕ್ಕೆ ಹೋಗುತ್ತಿದ್ದೆ.

ಬೇಲಿ ದಾಟಿ ದೇವರ ಟಗರು ಬಂತು. ಎಂದಿನ ಹಾಗೆ ನಮ್ಮ ಮಂದೆಗೆ ನುಗ್ಗಿ ಒಂದು ಕುರಿಯ ಮೇಲೆ ಹಾರಿತು.

ಅವಳು ನಿಂತೇಬಿಟ್ಟಳು. "ಇದು ಯಾರದು?"

"ದೇವರದು," ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಕದ ಹಟ್ಟಿಯಲ್ಲಿ ಒಂದು ವರ್ಷ ಕುರಿಗಳಿಗೆ ರೋಗ ಬಿದ್ದಿತ್ತು. ಆಗ ಅವರು ತಮ್ಮ ದೇವರಿಗೆ ಒಂದು ಟಗರು ಬಿಡುತ್ತೇವೆ ಎಂದು ಹರಕೆ ಹೊತ್ತರು. ಉತ್ತರದ ಕಡೆಯಿಂದ ಮಂದೆ ಹೊಡೆದುಕೊಂಡು ಬಂದು ನಮ್ಮ ತೋಟಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುವವರಿದ್ದಾರಲ್ಲ, ಅವರಿಂದ ಈ ಎತ್ತರದ ಬಿಳಿ ಟಗರನ್ನು ಕೊಂಡು, ಕಿವಿ ಸೀಳಿ, ಕೊಂಬಿಗೆ ಅರಿಶಿನ ಹಚ್ಚಿ ಬಿಟ್ಟರು. ಹಾಗೆ ಬಿಟ್ಟ ಟಗರನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಯಾರ ಹೊಲವಾದರೂ ಮೇಯಬಹುದು, ಯಾರ ಕುರಿಯನ್ನಾದರೂ ಹತ್ತಬಹುದು. ಹುಟ್ಟಿದ ಮರಿ ಯಾರದು ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಮರಿಯನ್ನು ತಾಯಿಯಿಂದಲೇ ಎಣಿಸುವುದು: ಸೊಟ್ಟಗಾಲಿಯ ಮರಿ, ಮಚ್ಚೆ ಕುರಿಯ ಮರಿ. ಅಪ್ಪನನ್ನು ಹೆಸರಿಸುವ ಪದ್ಧತಿಯೇ ಇಲ್ಲ. ದೇವರ ಟಗರಾದರೆ ಆ ಮಾತು ಆಡುವುದೇ ಮೈಲಿಗೆ.

"ಇದು ಎಷ್ಟು ವರ್ಷದಿಂದ ಬರ್ತಿದೆ ಅಜ್ಜಿ?"

"ಆಗ್ಲೇ ಸುಮಾರು ವರ್ಷ ಆಯ್ತು."

"ನಾನು ಮರಿ ತಗೊಂಡು ಹೋಗೋ ಮೊದಲಿನಿಂದ?"

"ಹೂಂ, ಅದಕ್ಕೂ ಮೊದ್ಲಿಂದ."

"ನಾನು ಕೇಳಿದೆನಲ್ಲ, ಒಂದೇ ತಳಿನಾ ಅಂತ."

"ಒಂದೇ ಅಲ್ವಾ ಮತ್ತೆ? ತಾಯಿ ಎಲ್ಲ ನಮ್ಮವೇ."

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಆ ಬಿಸಿಲಲ್ಲಿ ಮಂದೆಯೊಳಗೆ ಹೊಕ್ಕು ಒಂದೊಂದು ಮರಿಯನ್ನೂ ಹಿಡಿದು ಕಾಲು ಅಳೆದಳು, ಕಿವಿ ಎಳೆದು ನೋಡಿದಳು, ಬಾಲ ನೋಡಿದಳು. "ಒಂಟಿ ಮರಿ ಅಂತ ನಂಬಿದೆ ನಾನು. ಓದಿದವಳು ನಾನು," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆ ಹೊತ್ತಿಗೂ ನನಗೆ ಅದರಲ್ಲಿ ಅಂಥದ್ದೇನಿದೆ ಎಂದು ಹೊಳೆದಿರಲಿಲ್ಲ.

ಮನೆಗೆ ಬಂದು ಊಟದ ಹೊತ್ತಿಗೆ ಬಿಡಿಸಿ ಹೇಳಿದಳು. ಔಷಧಿ ಕೊಟ್ಟ ಗುಂಪಿನಲ್ಲಿ ಚೆನ್ನಾಗಿ ಬದುಕಿದ ಕುರಿಗಳು ಬಹುಪಾಲು ಎತ್ತರದವು. ಚೀಟಿ ಎತ್ತಿಯೇ ಎರಡು ಗುಂಪು ಮಾಡಿದ್ದರು. ಆದರೆ ಕುರಿ ಕಮ್ಮಿ ಇದ್ದಾಗ ಚೀಟಿಯೂ ಒಂದು ಕಡೆಗೆ ವಾಲುತ್ತದೆ. ಆ ಎತ್ತರದವು ದೇವರ ಟಗರಿನ ಮರಿಗಳಾಗಿದ್ದು, ಅವುಗಳ ಹೃದಯದಲ್ಲಿ ಹುಟ್ಟಾ ಅಡ್ಡನಾಳ ಹೆಚ್ಚಿದ್ದರೆ, ಕಲೆ ಚಿಕ್ಕದಾದದ್ದು ಔಷಧಿಯಿಂದ ಅಲ್ಲ, ಅಪ್ಪನಿಂದ.

"ಇದ್ರೆ ಅಂತ ಹೇಳ್ತಿದ್ದೀಯ," ಅಂದಳು ಸೊಸೆ. "ಇಲ್ಲದೇನೂ ಇರಬೌದಲ್ಲ."

"ಇಲ್ಲದೇನೂ ಇರಬಹುದು ಅಮ್ಮ. ಎಲ್ಲದರ ರಕ್ತ ತೆಗೆದು ಫ್ರಿಜ್ಜಲ್ಲಿ ಇಟ್ಟಿದ್ದೀವಿ. ಇಲ್ಲಿ ಈ ಟಗರಿನ ರಕ್ತ ತಗೊಂಡು ಹೋಗಿ ಹೋಲಿಸಿದ್ರೆ ಯಾವುದು ಯಾರ ಮರಿ ಅಂತ ಗೊತ್ತಾಗುತ್ತೆ."

"ನಿಮ್ ಮೇಷ್ಟ್ರು ಕೇಳವ್ರಾ?"

"ಇಲ್ಲ."

"ಸಭೇಲಿ ಯಾರಾದ್ರೂ ಬಂದು ನಿಮ್ಮಜ್ಜಿ ಕುರಿಗೆ ಅಪ್ಪ ಯಾರು ಅಂತ ಕೇಳ್ತಾರಾ?"

"ಇಲ್ಲ ಅಮ್ಮ."

"ಮತ್ತೆ? ಎರಡು ವರ್ಷ ಕಣ್ಣು ಕೆಂಪು ಮಾಡ್ಕೊಂಡು ಮಾಡಿದ್ದೀಯ. ಸುಮ್ನೆ ಹೋಗಿ ಓದಿ ಬಾ. ಊರಿಗೆಲ್ಲ ಹೋಳಿಗೆ ಹಂಚಿದ್ದೀನಿ."

ಸೊಸೆ ಕೆಟ್ಟವಳಲ್ಲ. ಮಗಳು ಎಷ್ಟು ಸೊರಗಿದ್ದಳು ಎಂದು ಅವಳೊಬ್ಬಳಿಗೇ ಗೊತ್ತು. ನನಗೂ ಮೊದಲಿಗೆ ಅವಳ ಮಾತೇ ಸರಿ ಅನ್ನಿಸಿತು. "ಸುಮ್ನಿದ್ರೆ ಏನಾಯ್ತದೆ?" ಅಂತ ಮೊಮ್ಮಗಳನ್ನೇ ಕೇಳಿದೆ.

"ಡಿಗ್ರಿ ಬರುತ್ತೆ. ನಾನು ಓದಿದ್ದನ್ನ ನಂಬಿ ಇನ್ಯಾರೋ ಮುಂದಕ್ಕೆ ಮಾಡ್ತಾರೆ. ಅವರನ್ನ ನಂಬಿ ಇನ್ನೊಬ್ಬರು. ಕೊನೆಗೆ ಯಾವತ್ತೋ ಒಂದು ದಿನ ನಿನ್ನಂಥವಳಿಗೆ ಎದೆ ಹಿಡ್ಕೊಂಡಾಗ ಅದನ್ನೇ ಕೊಡ್ತಾರೆ."

"ನನ್ನಂಥವಳು ಅಂದ್ರೆ?"

"ಯಾವ ಟಗರಿನ ಮರಿ ಅಂತ ಯಾರಿಗೂ ಗೊತ್ತಿಲ್ಲದವಳು."

ನಾನು ನಕ್ಕೆ. ಸೊಸೆ ನಗಲಿಲ್ಲ, ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಆವತ್ತು ಮಧ್ಯಾಹ್ನದ ಮಾತ್ರೆ ಕೈಗೆ ತೆಗೆದುಕೊಂಡವಳು ಹಾಗೇ ಹಿಡಿದುಕೊಂಡು ಕೂತೆ. ಒಂದು ಬಿಳಿ, ಒಂದು ಗುಲಾಬಿ. "ಇವನ್ನ ಯಾವ ಕುರಿ ಮೇಲೆ ನೋಡಿದ್ರು?" ಅಂತ ಕೇಳಿದೆ.

"ಅವು ಮನುಷ್ಯರ ಮೇಲೇ ನೋಡಿ ಆಗಿರೋವು ಅಜ್ಜಿ. ಸಾವಿರಾರು ಜನರ ಮೇಲೆ. ನುಂಗು."

"ಆ ಜನದಲ್ಲಿ ನನ್ನ ಹಂಗಿರೋರು ಇದ್ರಾ?"

ಅವಳು ನೀರಿನ ಲೋಟ ನನ್ನ ಕಡೆ ಸರಿಸಿದಳು. "ಇದ್ದಿರಬೇಕು," ಅಂದಳು ಆಮೇಲೆ. ನುಂಗಿದೆ. ನುಂಗದೆ ಏನು ಮಾಡುವುದು.

ಮಾರನೆಯ ದಿನ ದೇವರ ಟಗರಿನ ರಕ್ತ ತೆಗೆಯಬೇಕಾಯಿತು. ಅದನ್ನು ಕಟ್ಟುವಂತಿಲ್ಲ ಅಂದೆನಲ್ಲ. ಕಟ್ಟಲಿಲ್ಲ. ನಾನು ಒಂದು ಹಿಡಿ ಹುರುಳಿ ತೋರಿಸಿದೆ, ಅದು ತಿನ್ನುತ್ತಿದ್ದಾಗ ಅವಳು ಕುತ್ತಿಗೆಗೆ ಸೂಜಿ ಹಾಕಿದಳು. ಅದು ನನ್ನ ಸೀರೆ ಸೆರಗನ್ನೂ ಅರ್ಧ ತಿಂದಿತು. ಆ ಸೀಸೆಯನ್ನು ಐಸು ತುಂಬಿದ ಡಬ್ಬಿಯಲ್ಲಿ ಇಟ್ಟುಕೊಂಡು ರಜೆ ಮುಗಿಯುವ ಮೊದಲೇ ಹೊರಟಳು. ಬಸ್ಸು ಹತ್ತುವಾಗಲೂ ಏನು ಮಾಡುತ್ತೇನೆ ಎಂದು ಬಾಯಿ ಬಿಡಲಿಲ್ಲ. ಅವರಮ್ಮ ಬಸ್‌ಸ್ಟಾಪಿಗೆ ಬಂದಿರಲಿಲ್ಲ.

ಆಮೇಲಿನ ದಿನಗಳು ನನಗೆ ಸರಿಯಾಗಿ ಹೋಗಲಿಲ್ಲ. ಫೋನು ಜಗಲಿ ಮೇಲೆ ಇಟ್ಟುಕೊಂಡು ಗರಿ ಸೀಳುತ್ತಿದ್ದೆ. ಕಡ್ಡಿ ಒಂದು ದಪ್ಪ ಒಂದು ಸಣ್ಣ ಬರುತ್ತಿತ್ತು. ಫೋನು ಬಡಿದುಕೊಂಡರೆ ಸಾಕು, ನಾನು ಎತ್ತುವಷ್ಟರಲ್ಲಿ ಸೊಸೆ ಒಳಗಿಂದ ಬಂದು ನಿಂತಿರುತ್ತಿದ್ದಳು. ಕೊಬ್ಬರಿ ಕೇಳುವವರು, ಇನ್ನೇನೋ ಕಂಪನಿಯವರು. ಇಬ್ಬರೂ ನಮ್ಮನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು. ಅವಳು ಯಾವ ಸುದ್ದಿಗೆ ಕಾಯುತ್ತಿದ್ದಾಳೋ ನಾನು ಅದಕ್ಕೇ ಕಾಯುತ್ತಿದ್ದೇನೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ಒಂದು ಹೊತ್ತು ಹುಡುಗಿ ಸುಮ್ಮನಿದ್ದು ಡಿಗ್ರಿ ತೆಗೆದುಕೊಂಡರೆ ಸಾಕು ಅನ್ನಿಸುವುದು. ಇನ್ನೊಂದು ಹೊತ್ತು ಆ ಎತ್ತರದ ಮರಿಗಳು ಕಣ್ಣಿಗೆ ಬರುವವು.

ಕೂರಲಾರದೆ ಒಂದು ದಿನ ಹುಲಿಕೆರೆಗೆ ತಂಗಿಯ ಮನೆಗೆ ಹೋದೆ. ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಬೇಕು. ಅಲ್ಲಿ ದೇವಸ್ಥಾನ ನೋಡಲು ಬಂದ ಸ್ಕೂಲು ಮಕ್ಕಳ ನಡುವೆ ಸಿಕ್ಕಿ ಎರಡು ಬಸ್ಸು ಬಿಟ್ಟೆ. ತಂಗಿ ಎಲ್ಲ ಕೇಳಿದಳು.

"ಕುರಿಗೆ ಅಪ್ಪನ ಹೆಸರು ಕೇಳ್ದವ್ರನ್ನ ನಾನೆಲ್ಲೂ ಕಾಣೆ ಕಣಕ್ಕಾ," ಅಂದಳು. "ನಿನ್ ಮೊಮ್ಮಗಳಿಗೆ ಮದುವೆ ಮಾಡು. ಗಂಡಿನ ಕಡೇರ ಅಪ್ಪ, ತಾತನ್ನೆಲ್ಲ ಕೇಳ್ಕೊಂಡು ಕೂರ್ಲಿ."

"ಗಂಡಾದ್ರೆ ಏಳು ತಲೆಮಾರು ಕೇಳ್ತೀವಿ, ಕುರಿಯಾದ್ರೆ ಯಾಕೆ ಕೇಳಲ್ಲ?" ಅಂದೆ.

"ಕುರೀನ ತಿಂತೀವಿ. ಅಳಿಯನ್ನ ತಿನ್ನಕ್ಕಾಯ್ತದಾ?"

ಇದ್ದು ನಾಳೆ ಹೋಗು ಅಂದಳು. ಮಜ್ಜಿಗೆ ಕುಡಿದು ಅದೇ ದಿನ ವಾಪಸು ಬಂದೆ. ಬಸ್ಸಿನಲ್ಲಿ ಎದೆಯಲ್ಲಿ ಸ್ವಲ್ಪ ಹಿಡಿದ ಹಾಗಾಯಿತು. ಕಿಟಕಿ ಸರಿಸಿಕೊಂಡು ಕೂತೆ, ಬಿಟ್ಟಿತು. ಮನೆಯಲ್ಲಿ ಹೇಳಲಿಲ್ಲ.

ಫೋನು ಬಂದದ್ದು ಒಂದು ಸಂಜೆ. ಸೊಸೆ ತೋಟದಲ್ಲಿದ್ದಳು, ನಾನೇ ಎತ್ತಿದೆ.

"ರಕ್ತ ನೋಡಿದ್ವಿ ಅಜ್ಜಿ. ಔಷಧಿ ಕೊಟ್ಟ ಗುಂಪಲ್ಲಿ ಹೆಚ್ಚಿನವು ಆ ಟಗರಿನ ಮರಿಗಳೇ. ಇನ್ನೊಂದು ವಿಷಯ. ಬರೀ ಉಪ್ಪುನೀರು ಕೊಟ್ಟ ಗುಂಪಲ್ಲೂ ಅದರ ಮರಿ ಕೆಲವು ಇದ್ವು. ಅವಕ್ಕೂ ಕಲೆ ಚಿಕ್ಕದೇ."

"ಹಂಗಂದ್ರೆ ಔಷಧಿ ಏನೂ ಮಾಡಿಲ್ಲ ಅಂತಾನಾ?"

"ಗೊತ್ತಿಲ್ಲ. ಅದೇ ಹೇಳ್ತಿರೋದು ನಾನು, ಗೊತ್ತಿಲ್ಲ. ಸ್ವಲ್ಪ ಮಾಡಿರಬಹುದು, ಏನೂ ಮಾಡದೇ ಇರಬಹುದು. ಈ ಕುರಿಗಳಿಂದ ಹೇಳೋಕಾಗಲ್ಲ."

"ಮೇಷ್ಟ್ರಿಗೆ?"

"ಹೇಳಿದೆ. ಎಲ್ಲಾ ಲೆಕ್ಕ ಇನ್ನೊಂದು ಸಲ ತಾವೇ ನೋಡಿದ್ರು. ಆಮೇಲೆ ಸಭೆಗೆ ಕಳಿಸಿದ್ದನ್ನ ವಾಪಸ್ ತಗೊಂಡ್ರು. ಈ ವರ್ಷ ಡಿಗ್ರಿ ಇಲ್ಲ ಅಜ್ಜಿ."

ಅವಳು ಅಳುತ್ತಿರಲಿಲ್ಲ. ನೆಗಡಿ ಆದವರ ಹಾಗೆ ಮಾತಾಡುತ್ತಿದ್ದಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಊಟ ಮಾಡಿದ್ಯಾ?" ಅಂತ ಕೇಳಿದೆ. ಇನ್ನೂ ಇಲ್ಲ ಅಂದಳು. ಆಮೇಲೆ ಬಂದದ್ದು ಕೆಲಸದ ಮಾತು. ಮತ್ತೆ ಮೊದಲಿನಿಂದ ಮಾಡಬೇಕು. ಈ ಸಲ ಎರಡು ಬಗೆಯ ಮರಿಯೂ ಬೇಕು, ಬೇರೆ ಬೇರೆಯಾಗಿ, ತಾಯಿ ಯಾರು ಅಪ್ಪ ಯಾರು ಎಂದು ಗೊತ್ತಿರುವಂಥವು. ಎರಡು ಬಗೆಯಲ್ಲೂ ಔಷಧಿ ಕೊಟ್ಟು, ಕೊಡದೆ ನೋಡಬೇಕು. ಮೇಷ್ಟ್ರೇ ಹಾಗೆ ಅಂದರಂತೆ. ಕಮಿಟಿಯ ಒಪ್ಪಿಗೆಗೆ ಮತ್ತೆ ಬರೆಯಬೇಕಂತೆ.

"ನಮ್ಮ ಕುರಿನೇ ಆಗ್ಬೇಕಾ? ಬೇರೆ ಎಲ್ಲೂ ಸಿಗಲ್ವಾ?"

"ಸಿಗುತ್ತೆ. ಆದ್ರೆ ಯಾರನ್ನ ಕೇಳಿದ್ರೂ ಎಲ್ಲಾ ಒಂದೇ ತಳಿ ಅಂತಾರೆ ಅಜ್ಜಿ."

ಅದು ನನಗೆ ಸರಿಯಾಗಿ ತಾಗಿತು. ತಾಗಲಿ ಎಂದೇ ಹೇಳಿದ್ದಳು.

ಸೊಸೆಗೆ ನಾನೇ ಸುದ್ದಿ ಹೇಳಿದೆ. ಅವಳು ಒಲೆ ಮುಂದೆ ನಿಂತು ಸೌಟು ತಿರುಗಿಸುತ್ತಲೇ ಇದ್ದಳು. "ಈಗ ಹೋಳಿಗೆ ತಿಂದೋರಿಗೆ ಏನು ಹೇಳ್ಲಿ?" ಅಂದಳು. "ತಿಂದಾಯ್ತಲ್ಲ, ಅವರಿಗ್ಯಾಕೆ," ಅಂದೆ. ಸ್ವಲ್ಪ ಹೊತ್ತಾದ ಮೇಲೆ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ತಾಯಿ ಮಗಳು ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಅವಳಷ್ಟು ಚುರುಕು ಕಿವಿ ನನಗಿಲ್ಲ.

ಹೀಗಾಗಿ ಈಗ ನಮ್ಮ ರೊಪ್ಪ ಎರಡಾಗಿದೆ. ನಡುವೆ ಬಿದಿರಿನ ತಡಿಕೆ ಕಟ್ಟಿಸಿದೆ. ಬೆದೆಗೆ ಬರುವ ಕುರಿಗಳಲ್ಲಿ ಅರ್ಧ ಒಳಗೆ, ನಮ್ಮ ಮನೆ ಟಗರಿನ ಜೊತೆ. ಅವಕ್ಕೆ ಬಯಲಿಲ್ಲ, ಮೇವು ಕೊಯ್ದು ತಂದು ಹಾಕಬೇಕು. ಉಳಿದರ್ಧ ಹೊರಗೆ, ದೇವರ ಪಾಲಿಗೆ. ಪಾಲು ಮಾಡಿದ್ದೇನೆ, ಮೋಸ ಇಲ್ಲ. ಆದರೆ ಆ ಟಗರಿಗೆ ಪಾಲು ಗೊತ್ತಾಗುವುದಿಲ್ಲ. ಹೊರಗಿನವನ್ನು ಬಿಟ್ಟು ಒಳಗಿನವೇ ಬೇಕು ಎಂದು ಬೆಳಿಗ್ಗೆಯಿಂದ ಬಂದು ತಡಿಕೆಗೆ ಗುದ್ದುತ್ತದೆ.

ಊರಲ್ಲಿ ಮಾತಾಯಿತು. ಹಟ್ಟಿಯ ಪೂಜಾರಿ ನಿನ್ನೆ ಬಂದು ಜಗಲಿ ಕೆಳಗೆ ನಿಂತ. ನನಗಿಂತ ಚಿಕ್ಕವನು.

"ಏನಕ್ಕಾ ಇದು. ದೇವ್ರನ್ನ ಆಚೆ ನಿಲ್ಸಿದೀಯಂತೆ."

"ಕಟ್ಟಿಲ್ಲ, ಹೊಡೆದಿಲ್ಲ. ಬಾಗ್ಲು ಹಾಕ್ಕೊಂಡಿದ್ದೀನಿ. ನಿಮ್ಮನೇಲಿ ಬಾಗ್ಲಿಲ್ವಾ ಪೂಜಾರಪ್ಪ?"

"ಹಿಂದೆ ಯಾರೂ ಹಿಂಗ್ ಮಾಡಿಲ್ಲ. ಏನಾದ್ರೂ ಆದ್ರೆ?"

"ಆಗಾದು ನನಗೆ ಆಗ್ಲೇ ಆಗದೆ," ಎಂದು ಎದೆ ಮುಟ್ಟಿ ತೋರಿಸಿದೆ. "ಇನ್ನೊಂದ್ ಸಲ ಆದ್ರೆ ದೇವರ ಮೇಲೆ ಹಾಕಲ್ಲ, ಹೋಗು."

ಅವನಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. "ಎಷ್ಟು ದಿನ ಅಂತ?" ಅಂದ.

"ಕುರಿ ಗಬ್ಬ ನಿಲ್ಲಾ ತನಕ."

ಅವನು ತಲೆ ಅಲ್ಲಾಡಿಸಿಕೊಂಡು ಹೋದ. ಹೋಗುವಾಗ ಟಗರಿನ ಬೆನ್ನು ಸವರಿ, ಬಾರಪ್ಪ ಹೋಗಣ ಅಂದ. ಅದು ಕೇಳಲಿಲ್ಲ.

ಗಬ್ಬ ನಿಂತು, ಈದು, ಮರಿ ಹಾಲು ಬಿಟ್ಟು ಅವಳ ಕೈಗೆ ಸೇರುವಷ್ಟರಲ್ಲಿ ವರ್ಷ ಕಳೆಯುತ್ತದೆ. ಆಮೇಲೆ ಅವಳ ದಾರ, ಅವಳ ಔಷಧಿ, ಕಲೆ ನೋಡುವುದು. ಆಗಲೂ ಗೊತ್ತಿಲ್ಲ ಎಂದೇ ಬರಬಹುದಂತೆ. ಅದನ್ನೂ ಮೊದಲೇ ಹೇಳಿದ್ದಾಳೆ.

ಇದನ್ನು ಬರೆಯುತ್ತಿರುವ ಹೊತ್ತಿಗೂ ಅಲ್ಲಿ ಗುದ್ದುವ ಸದ್ದು ಕೇಳುತ್ತಿದೆ. ಮೂಲೆಯ ಗೂಟದ ಹಗ್ಗ ಸಡಿಲಾದ ಹಾಗಿದೆ. ಬರೆಯುವುದನ್ನು ಪಕ್ಕಕ್ಕಿಟ್ಟು ಎದ್ದೆ.

"ಅತ್ತೆ, ಕೂತ್ಕೊಳ್ಳಿ. ನಾನೇ ಹೋಯ್ತೀನಿ," ಅಂದಳು ಸೊಸೆ. ಹಗ್ಗ ಆಗಲೇ ಅವಳ ಕೈಯಲ್ಲಿತ್ತು.